ವಿಯೆಟ್ನಾಂ ಯುದ್ಧ: ಅಮೆರಿಕ ಸೋತಿದ್ದು ಟಿವಿಯಿಂದಲಾ?

ವಿಯೆಟ್ನಾಂ ಯುದ್ಧ ಮುಗಿದು ಐವತ್ತು ವರ್ಷ ದಾಟಿತು. ಆದರೂ ಅದರ ಬಗ್ಗೆ ಒಂದು ವಾದ ಇನ್ನೂ ಜೀವಂತವಾಗಿದೆ. ಅಮೆರಿಕದ ಸೈನ್ಯ ರಣರಂಗದಲ್ಲಿ ಸೋಲಲೇ ಇಲ್ಲ, ಸ್ವಂತ ದೇಶದ ಪತ್ರಿಕೆ ಮತ್ತು ಟಿವಿಗಳೇ ಅದನ್ನು ಸೋಲಿಸಿದವು ಎನ್ನುವ ವಾದ. ಅಲ್ಲಿ ಸೇನೆ ನಡೆಸಿದ ಜನರಲ್ ವಿಲಿಯಂ ವೆಸ್ಟ್‌ಮೋರ್‌ಲ್ಯಾಂಡ್ ಹೆಚ್ಚೂಕಮ್ಮಿ ಇದನ್ನೇ ಹೇಳಿದರು. ಅಧ್ಯಕ್ಷ ರಿಚರ್ಡ್ ನಿಕ್ಸನ್ ಕೂಡ ಹೇಳಿದರು. ತಮಾಷೆ ಏನೆಂದರೆ, ಯುದ್ಧವನ್ನು ವಿರೋಧಿಸಿದವರಲ್ಲೂ ಎಷ್ಟೋ ಜನ ಇದೇ ಕಥೆಯನ್ನು ಹೇಳುತ್ತಾರೆ. ಅವರ ಬಾಯಲ್ಲಿ ಅದು ಹೊಗಳಿಕೆ: ಪತ್ರಕರ್ತರು ಧೈರ್ಯವಾಗಿ ಸತ್ಯ ತೋರಿಸಿದರು, ಜನ ಎಚ್ಚೆತ್ತರು, ಯುದ್ಧ ನಿಂತಿತು.

ನನಗೆ ಈ ಎರಡೂ ಸರಿ ಕಾಣುವುದಿಲ್ಲ. ಯಾವ ಸುದ್ದಿ ಯಾವಾಗ ಬಂತು, ಜನರ ಮನಸ್ಸು ಯಾವಾಗ ತಿರುಗಿತು ಎಂದು ದಿನಾಂಕ ಹಿಡಿದು ನೋಡಿದರೆ ಬೇರೆಯದೇ ಚಿತ್ರ ಸಿಗುತ್ತದೆ.

ಶುರುವಿನಿಂದಲೇ ನೋಡೋಣ. ಆಗ ವಿಯೆಟ್ನಾಂ ಎರಡು ಭಾಗವಾಗಿತ್ತು: ಉತ್ತರದಲ್ಲಿ ಕಮ್ಯುನಿಸ್ಟ್ ಸರ್ಕಾರ, ದಕ್ಷಿಣದಲ್ಲಿ ಅಮೆರಿಕ ಬೆಂಬಲಿಸುತ್ತಿದ್ದ ಸರ್ಕಾರ. 1964ರ ಆಗಸ್ಟ್ 2ರಂದು ಟೊಂಕಿನ್ ಕೊಲ್ಲಿಯಲ್ಲಿ ಅಮೆರಿಕದ ಮ್ಯಾಡಾಕ್ಸ್ ಎಂಬ ಯುದ್ಧನೌಕೆಯ ಮೇಲೆ ಉತ್ತರ ವಿಯೆಟ್ನಾಂನ ದೋಣಿಗಳು ದಾಳಿ ಮಾಡಿದವು. ಆಗಸ್ಟ್ 4ರಂದು ಎರಡನೇ ದಾಳಿ ನಡೆಯಿತು ಎಂದು ಸರ್ಕಾರ ಹೇಳಿತು. ಆ ಎರಡನೇ ದಾಳಿ ನಡೆದೇ ಇರಲಿಲ್ಲ. ಅಮೆರಿಕದ ಬೆಂಬಲದಿಂದ ಅದೇ ಕರಾವಳಿಯ ಮೇಲೆ ಗುಟ್ಟಾಗಿ ದಾಳಿಗಳು ನಡೆಯುತ್ತಿದ್ದವು ಎಂಬುದನ್ನೂ ಸರ್ಕಾರ ಹೇಳಲಿಲ್ಲ. ಪತ್ರಿಕೆಗಳು ಕೇಳಲೂ ಇಲ್ಲ, ಸರ್ಕಾರ ಕೊಟ್ಟಿದ್ದನ್ನು ಹಾಗೇ ಅಚ್ಚು ಹಾಕಿದವು. ಆಗಸ್ಟ್ 7ರಂದು ಸಂಸತ್ತು ಅಧ್ಯಕ್ಷ ಲಿಂಡನ್ ಜಾನ್ಸನ್‌ಗೆ ಯುದ್ಧ ಮಾಡುವ ಅಧಿಕಾರ ಕೊಟ್ಟಿತು. ಕೆಳಮನೆಯಲ್ಲಿ 416 ಮತ ಪರ, ವಿರೋಧ ಸೊನ್ನೆ. ಸೆನೆಟ್‌ನಲ್ಲಿ 88 ಪರ, 2 ವಿರೋಧ. ವೇಯ್ನ್ ಮೋರ್ಸ್ ಮತ್ತು ಅರ್ನೆಸ್ಟ್ ಗ್ರೂನಿಂಗ್ ಎಂಬ ಇಬ್ಬರು ಮಾತ್ರ ಬೇಡ ಎಂದರು. ಯುದ್ಧಕ್ಕೆ ಬಾಗಿಲು ತೆರೆದ ದಿನ ಮಾಧ್ಯಮ ಎಲ್ಲಿತ್ತು ಎಂದರೆ, ಸರ್ಕಾರದ ಪಕ್ಕದಲ್ಲೇ ಇತ್ತು.

ಅದಕ್ಕೂ ಮೊದಲು ದಕ್ಷಿಣದ ರಾಜಧಾನಿ ಸೈಗಾನ್‌ನಲ್ಲಿದ್ದ ಒಂದಿಷ್ಟು ಯುವ ವರದಿಗಾರರು ಸರ್ಕಾರಕ್ಕೆ ತಲೆನೋವಾಗಿದ್ದರು, ನಿಜ. ನ್ಯೂಯಾರ್ಕ್ ಟೈಮ್ಸ್‌ನ ಡೇವಿಡ್ ಹಾಲ್ಬರ್‌ಸ್ಟಮ್, ಯುಪಿಐ ಸುದ್ದಿಸಂಸ್ಥೆಯ ನೀಲ್ ಶೀಹನ್ ಇವರಲ್ಲಿ ಮುಖ್ಯರು. 1963ರ ಜನವರಿಯಲ್ಲಿ ಆಪ್ ಬಾಕ್ ಎಂಬಲ್ಲಿ ಸಣ್ಣ ಕಮ್ಯುನಿಸ್ಟ್ ಗೆರಿಲ್ಲಾ ಪಡೆಯೊಂದು ದಕ್ಷಿಣ ವಿಯೆಟ್ನಾಂ ಸೈನ್ಯವನ್ನು ಹೆಲಿಕಾಪ್ಟರ್‌ಗಳಿದ್ದರೂ ಹಿಮ್ಮೆಟ್ಟಿಸಿತು. ಅಮೆರಿಕದ ಜನರಲ್‌ಗಳು ಇದನ್ನು ಗೆಲುವು ಎಂದರು. ಅಲ್ಲೇ ಇದ್ದ ಅಮೆರಿಕದ ಸಲಹೆಗಾರ ಅಧಿಕಾರಿಗಳು ವರದಿಗಾರರ ಹತ್ತಿರ ಇದು ಸೋಲು ಎಂದರು. ವರದಿಗಾರರು ಅದನ್ನೇ ಬರೆದರು. ಆ ವರ್ಷ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಕೆನಡಿ ನ್ಯೂಯಾರ್ಕ್ ಟೈಮ್ಸ್ ಪ್ರಕಾಶಕರ ಬಳಿ ಹಾಲ್ಬರ್‌ಸ್ಟಮ್‌ನನ್ನು ಅಲ್ಲಿಂದ ಬದಲಾಯಿಸುವ ಮಾತೆತ್ತಿದರು. ಪ್ರಕಾಶಕರು ಒಪ್ಪಲಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ, ಅದನ್ನು ಮರೆತರೆ ಮುಂದಿನದೆಲ್ಲ ಗೊಂದಲ ಆಗುತ್ತದೆ. ಈ ಯುವಕರು ಆಗ ಯುದ್ಧ ವಿರೋಧಿಗಳಾಗಿರಲಿಲ್ಲ. ಕಮ್ಯುನಿಸ್ಟರನ್ನು ತಡೆಯಲೇಬೇಕು ಎಂದು ಅವರೂ ನಂಬಿದ್ದರು. ಅವರ ತಕರಾರು ಇದ್ದಿದ್ದು ಯುದ್ಧ ನಡೆಸುವ ರೀತಿಯ ಮೇಲೆ. ಯುದ್ಧ ಬೇಕಾ ಎನ್ನುವ ಪ್ರಶ್ನೆ ಬೇರೆ, ಸರಿಯಾಗಿ ನಡೆಯುತ್ತಿದೆಯಾ ಎನ್ನುವ ಪ್ರಶ್ನೆ ಬೇರೆ. ಎರಡನೆಯದನ್ನು ಕೇಳಿದವನಿಗೂ ಮೊದಲನೆಯದರ ಹಣೆಪಟ್ಟಿ ಅಂಟಿಸುವುದು ಎಲ್ಲ ಯುದ್ಧಗಳಲ್ಲೂ ನಡೆಯುತ್ತದೆ. ಅಲ್ಲೂ ನಡೆಯಿತು.

1965ರ ಮಾರ್ಚ್‌ನಲ್ಲಿ ಅಮೆರಿಕದ ಕಾಲಾಳುಗಳು ಡಾ ನಾಂಗ್‌ನಲ್ಲಿ ಇಳಿದರು. ಸೈನಿಕರ ಜೊತೆ ವರದಿಗಾರರ ಸಂಖ್ಯೆಯೂ ಏರಿತು. ಆಶ್ಚರ್ಯ ಅನ್ನಿಸಬಹುದು, ಅಲ್ಲಿ ಸೆನ್ಸಾರ್ ಇರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ವರದಿ ಕಳಿಸುವ ಮೊದಲು ಸೇನಾ ಅಧಿಕಾರಿ ಓದಿ ಕತ್ತರಿ ಹಾಕುತ್ತಿದ್ದ. ವಿಯೆಟ್ನಾಂನಲ್ಲಿ ಅಮೆರಿಕ ಅಧಿಕೃತವಾಗಿ ಯುದ್ಧ ಘೋಷಿಸಿರಲಿಲ್ಲ, ದೇಶವೂ ಬೇರೆಯವರದ್ದು. ಹಾಗಾಗಿ ಕೆಲವು ನಿಯಮಗಳ ಪಟ್ಟಿಗೆ ಒಪ್ಪಿದರೆ ಸಾಕಿತ್ತು: ಪಡೆಗಳು ಎಲ್ಲಿಗೆ ಸಾಗುತ್ತಿವೆ ಎಂದು ಮೊದಲೇ ಬರೆಯಬಾರದು, ಗಾಯಗೊಂಡವರ ಹೆಸರು ಮನೆಯವರಿಗೆ ತಿಳಿಯುವ ಮುಂಚೆ ಹಾಕಬಾರದು, ಇಂಥವು. ಒಪ್ಪಿದವರಿಗೆ ಗುರುತಿನ ಚೀಟಿ ಸಿಗುತ್ತಿತ್ತು. ಅದನ್ನು ಹಿಡಿದು ಸೇನೆಯ ಹೆಲಿಕಾಪ್ಟರ್ ಹತ್ತಿ ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಇಡೀ ಯುದ್ಧದಲ್ಲಿ ಈ ನಿಯಮ ಮುರಿದು ಚೀಟಿ ಕಳೆದುಕೊಂಡವರು ಬೆರಳೆಣಿಕೆಯಷ್ಟು ಜನ. ಪತ್ರಕರ್ತರಿಂದ ಸೈನಿಕರ ಪ್ರಾಣಕ್ಕೆ ಅಪಾಯ ಆಯಿತು ಎನ್ನುವವರು ಇದನ್ನು ಗಮನಿಸಬೇಕು.

ಅಧಿಕೃತ ಸುದ್ದಿ ಸಿಗುತ್ತಿದ್ದ ಜಾಗ ಸೈಗಾನ್‌ನಲ್ಲಿ ದಿನಾ ಸಂಜೆ ನಡೆಯುವ ಸೇನೆಯ ಸುದ್ದಿಗೋಷ್ಠಿ. ವರದಿಗಾರರು ಅದನ್ನು 'ಐದು ಗಂಟೆಯ ಪ್ರಹಸನ' ಎಂದೇ ಕರೆಯುತ್ತಿದ್ದರು. ಅಲ್ಲಿ ಮುಖ್ಯವಾಗಿ ಕೊಡುತ್ತಿದ್ದದ್ದು ಒಂದು ಲೆಕ್ಕ: ಇವತ್ತು ಎಷ್ಟು ಶತ್ರುಗಳು ಸತ್ತರು. ಈ ಯುದ್ಧದಲ್ಲಿ ಎರಡು ಸೇನೆಗಳು ಎದುರುಬದುರು ನಿಲ್ಲುವ ಯುದ್ಧರೇಖೆ ಇರಲಿಲ್ಲ. ಇಂದು ಹಿಡಿದ ಬೆಟ್ಟವನ್ನು ನಾಳೆ ಬಿಟ್ಟು ಬರುತ್ತಿದ್ದರು. ಹಾಗಾಗಿ ಗೆಲ್ಲುತ್ತಿದ್ದೇವೆ ಎಂದು ತೋರಿಸಲು ಹೆಣದ ಲೆಕ್ಕವೇ ಅಳತೆಗೋಲು ಆಯಿತು. ಲೆಕ್ಕ ಜಾಸ್ತಿ ತೋರಿಸಿದ ಅಧಿಕಾರಿಗೆ ಬಡ್ತಿ. ಆಗ ಲೆಕ್ಕ ಉಬ್ಬದೇ ಇರುತ್ತದಾ? ಸತ್ತ ರೈತನೂ ಶತ್ರುವಿನ ಲೆಕ್ಕಕ್ಕೆ ಸೇರಿಹೋಗುತ್ತಿದ್ದ. ಬೆಳಗ್ಗೆ ಗದ್ದೆಯ ಬದುವಿನಲ್ಲಿ ಸೈನಿಕರ ಜೊತೆ ಇದ್ದು ಬಂದ ವರದಿಗಾರನಿಗೆ ಸಂಜೆ ಹವಾನಿಯಂತ್ರಿತ ಕೋಣೆಯಲ್ಲಿ ಕೇಳಿದ ಮಾತು ಹೊಂದುತ್ತಿರಲಿಲ್ಲ. ನನ್ನ ಪ್ರಕಾರ ಇಡೀ ಜಗಳದ ಬೇರು ಇಲ್ಲಿದೆ.

ಈ ಯುದ್ಧಕ್ಕೆ ಟಿವಿ ಯುದ್ಧ ಎಂಬ ಹೆಸರು ಬಂದಿದೆ. ಅದರಿಂದ ಜನ ಊಹಿಸುವುದು ರಾತ್ರಿ ಊಟದ ಹೊತ್ತಿಗೆ ಮನೆಮನೆಯಲ್ಲಿ ರಕ್ತ, ಹೆಣ, ಬೆಂಕಿ. ವಾಸ್ತವ ಹಾಗಿರಲಿಲ್ಲ. ನೇರಪ್ರಸಾರ ಇರಲೇ ಇಲ್ಲ. ಫಿಲ್ಮ್ ರೀಲುಗಳನ್ನು ವಿಮಾನದಲ್ಲಿ ಕಳಿಸಬೇಕಿತ್ತು, ಪ್ರಸಾರ ಆಗುವ ಹೊತ್ತಿಗೆ ಸಾಮಾನ್ಯವಾಗಿ ಒಂದೆರಡು ದಿನ ಕಳೆದಿರುತ್ತಿತ್ತು. 1965ರಿಂದ 1970ರವರೆಗಿನ ಸಂಜೆಯ ವಾರ್ತೆಗಳಲ್ಲಿ ಬಂದ ಸುಮಾರು 2,300 ವಿಯೆಟ್ನಾಂ ವರದಿಗಳನ್ನು ಲಾರೆನ್ಸ್ ಲಿಕ್ಟಿ ಎಂಬ ಸಂಶೋಧಕ ಪರಿಶೀಲಿಸಿದರು. ಅವುಗಳಲ್ಲಿ ನಿಜವಾದ ಭೀಕರ ಕಾಳಗ ಕಂಡಿದ್ದು 76ರಲ್ಲಿ ಮಾತ್ರ. ಉಳಿದವುಗಳಲ್ಲಿ ಹೆಲಿಕಾಪ್ಟರ್ ಇಳಿಯುವುದು, ಸೈನಿಕರು ನಡೆಯುವುದು, ದೂರದ ಹೊಗೆ.

ಅಪರೂಪಕ್ಕೆ ಒಂದು ವರದಿ ಬಂದಾಗ ಏನಾಗುತ್ತಿತ್ತು ಎನ್ನುವುದಕ್ಕೆ ಕ್ಯಾಮ್ ನೆ ಹಳ್ಳಿಯೇ ಸಾಕ್ಷಿ. 1965ರ ಆಗಸ್ಟ್‌ನಲ್ಲಿ ಸಿಬಿಎಸ್ ಟಿವಿ ವಾಹಿನಿಯ ಮಾರ್ಲಿ ಸೇಫರ್ ಅಲ್ಲಿಗೆ ಮರೀನ್ ಪಡೆಯ ಜೊತೆ ಹೋಗಿದ್ದರು. ಸೈನಿಕರು ಸಿಗರೇಟು ಲೈಟರಿನಿಂದ ಗುಡಿಸಲುಗಳ ಹುಲ್ಲಿನ ಸೂರಿಗೆ ಬೆಂಕಿ ಹಚ್ಚಿದರು. ಮುದುಕರು, ಹೆಂಗಸರು ಬೇಡಿಕೊಳ್ಳುತ್ತಿದ್ದರು. ಅದೆಲ್ಲ ಟಿವಿಯಲ್ಲಿ ಬಂತು. ಜಾನ್ಸನ್ ಕೆಂಡಾಮಂಡಲವಾಗಿ ಸಿಬಿಎಸ್ ಮುಖ್ಯಸ್ಥರಿಗೆ ಫೋನ್ ಮಾಡಿ ಬೈದರು ಎಂದು ದಾಖಲಾಗಿದೆ. ಸೇಫರ್ ಕಮ್ಯುನಿಸ್ಟ್ ಇರಬಹುದಾ ಎಂದು ವಿಚಾರಣೆಯನ್ನೂ ಮಾಡಿಸಿದರು. ಎಷ್ಟೋ ವೀಕ್ಷಕರೂ ವಾಹಿನಿಗೆ ಫೋನ್ ಮಾಡಿ ನಮ್ಮ ಹುಡುಗರನ್ನು ಹೀಗೆ ತೋರಿಸಬೇಡಿ ಎಂದು ಸಿಟ್ಟು ಮಾಡಿದರು. ಮರುವರ್ಷ ಫೆಬ್ರವರಿಯಲ್ಲಿ ಸೆನೆಟರ್ ಫುಲ್‌ಬ್ರೈಟ್ ಅವರ ಸಮಿತಿ ಯುದ್ಧದ ಬಗ್ಗೆ ಬಹಿರಂಗ ವಿಚಾರಣೆ ನಡೆಸಿತು. ರಾಜತಾಂತ್ರಿಕ ಜಾರ್ಜ್ ಕೆನನ್ ಸಾಕ್ಷ್ಯ ಹೇಳುತ್ತಿದ್ದ ದಿನ ಸಿಬಿಎಸ್ ಅದನ್ನು ತೋರಿಸದೆ ಹಳೆಯ ಹಾಸ್ಯ ಧಾರಾವಾಹಿಯ ಮರುಪ್ರಸಾರ ಹಾಕಿತು. ಸುದ್ದಿ ವಿಭಾಗದ ಮುಖ್ಯಸ್ಥ ಫ್ರೆಡ್ ಫ್ರೆಂಡ್ಲಿ ಅದೇ ಕಾರಣಕ್ಕೆ ರಾಜೀನಾಮೆ ಕೊಟ್ಟರು. ಯುದ್ಧ ವಿರೋಧಿ ಟಿವಿ ಎಂದು ಬೈಸಿಕೊಂಡ ವಾಹಿನಿಯ ನಡವಳಿಕೆ ಇದು.

ಈಗ 1968. ವಾದ ಮಾಡುವವರೆಲ್ಲ ಬಂದು ನಿಲ್ಲುವ ವರ್ಷ ಇದು.

1967ರ ನವೆಂಬರ್‌ನಲ್ಲಿ ವೆಸ್ಟ್‌ಮೋರ್‌ಲ್ಯಾಂಡ್ ವಾಷಿಂಗ್ಟನ್‌ಗೆ ಬಂದು ಯುದ್ಧದ ಕೊನೆ ಕಣ್ಣಿಗೆ ಕಾಣತೊಡಗಿದೆ ಎಂದು ಭಾಷಣ ಮಾಡಿದ್ದರು. ಸರ್ಕಾರವೇ ಅವರನ್ನು ಕರೆಸಿ ಮಾಡಿಸಿದ ಪ್ರಚಾರ ಅದು. ಎರಡು ತಿಂಗಳು ಕಳೆದಿತ್ತಷ್ಟೆ. 1968ರ ಜನವರಿ 30 ಮತ್ತು 31ರಂದು, ವಿಯೆಟ್ನಾಂ ಜನರ ಹೊಸವರ್ಷದ ಹಬ್ಬ ಟೆಟ್ ಸಮಯದಲ್ಲಿ, ಉತ್ತರ ವಿಯೆಟ್ನಾಂ ಸೈನ್ಯ ಮತ್ತು ವಿಯೆಟ್ ಕಾಂಗ್ ಎಂಬ ದಕ್ಷಿಣದ ಕಮ್ಯುನಿಸ್ಟ್ ಗೆರಿಲ್ಲಾಗಳು ದಕ್ಷಿಣದ ನೂರಕ್ಕೂ ಹೆಚ್ಚು ಊರು ಪಟ್ಟಣಗಳ ಮೇಲೆ ಒಟ್ಟಿಗೆ ದಾಳಿ ಮಾಡಿದರು. ಸೈಗಾನ್‌ನಲ್ಲಿ ಒಂದು ಸಣ್ಣ ತಂಡ ಅಮೆರಿಕದ ರಾಯಭಾರ ಕಚೇರಿಯ ಆವರಣಕ್ಕೇ ನುಗ್ಗಿತು.

ಪತ್ರಕರ್ತರು ಇಲ್ಲಿ ತಪ್ಪು ಮಾಡಿದರು, ಅದನ್ನು ಮುಚ್ಚಿಡಬೇಕಿಲ್ಲ. ದಾಳಿಕೋರರು ಮುಖ್ಯ ಕಟ್ಟಡದ ಒಳಗೇ ಇದ್ದಾರೆ ಎಂದು ಮೊದಲ ವರದಿಗಳು ಹೇಳಿದವು. ಅವರು ಆವರಣ ದಾಟಿ ಕಟ್ಟಡದೊಳಗೆ ಹೋಗಿರಲಿಲ್ಲ. ದೊಡ್ಡ ಚಿತ್ರದಲ್ಲೂ ಎಡವಿದರು. ಟೆಟ್ ದಾಳಿಯಲ್ಲಿ ವಿಯೆಟ್ ಕಾಂಗ್‌ಗೆ ಭಾರೀ ಪೆಟ್ಟು ಬಿತ್ತು. ನಗರದ ಜನ ದಂಗೆ ಏಳುತ್ತಾರೆ ಎಂಬ ಅವರ ಲೆಕ್ಕಾಚಾರ ಹುಸಿಯಾಯಿತು. ಹುಯೆ ನಗರ ಬಿಟ್ಟರೆ ಉಳಿದ ಕಡೆ ಬಹುಬೇಗ ಹಿಮ್ಮೆಟ್ಟಿದರು. ವಾಷಿಂಗ್ಟನ್ ಪೋಸ್ಟ್‌ನ ಪೀಟರ್ ಬ್ರೇಸ್ಟ್ರಪ್ ಸೈಗಾನ್‌ನಲ್ಲೇ ಇದ್ದು ವರದಿ ಮಾಡಿದವರು, ಹಿಂದೆ ಸ್ವತಃ ಮರೀನ್ ಆಗಿದ್ದವರು. ಅವರು 1977ರಲ್ಲಿ ದೊಡ್ಡ ಅಧ್ಯಯನ ಪ್ರಕಟಿಸಿ, ಮೊದಲ ದಿನಗಳ ಗಾಬರಿಯಲ್ಲಿ ಬರೆದದ್ದನ್ನು ಪತ್ರಕರ್ತರು ಆಮೇಲೂ ತಿದ್ದಲಿಲ್ಲ ಎಂದು ತೋರಿಸಿದರು. ಅವರ ಮಾತಿನಲ್ಲಿ ತೂಕ ಇದೆ.

ಆದರೆ ಇಲ್ಲಿಂದ ಜನ ನೇರವಾಗಿ ಒಂದು ತೀರ್ಮಾನಕ್ಕೆ ಹಾರುತ್ತಾರೆ: ತಪ್ಪು ವರದಿ ಬಂತು, ಜನ ಹೆದರಿದರು, ಅಧ್ಯಕ್ಷ ಕುಸಿದ. ಫೆಬ್ರವರಿ 27ರಂದು ಸಿಬಿಎಸ್‌ನ ವಾಲ್ಟರ್ ಕ್ರಾಂಕೈಟ್ ಟಿವಿಯಲ್ಲಿ, ಈ ಯುದ್ಧದಲ್ಲಿ ಯಾರೂ ಗೆಲ್ಲದ ಸ್ಥಿತಿಗೆ ಬಂದಿದ್ದೇವೆ, ಮಾತುಕತೆಯೊಂದೇ ದಾರಿ ಎಂದರು. ಅಮೆರಿಕದಲ್ಲಿ ಜನ ತುಂಬಾ ನಂಬುತ್ತಿದ್ದ ವಾರ್ತಾವಾಚಕ ಅವರು. ಅದನ್ನು ನೋಡಿ ಜಾನ್ಸನ್, ಕ್ರಾಂಕೈಟ್‌ನೇ ಕೈಬಿಟ್ಟ ಮೇಲೆ ದೇಶವೇ ಕೈಬಿಟ್ಟಂತೆ ಎಂದರಂತೆ. ಈ ಕಥೆ ಎಲ್ಲ ಕಡೆ ಸಿಗುತ್ತದೆ. ಆದರೆ ಆ ರಾತ್ರಿ ಜಾನ್ಸನ್ ಟೆಕ್ಸಾಸ್‌ನಲ್ಲಿ ಗವರ್ನರ್ ಜಾನ್ ಕಾನಲಿ ಅವರ ಹುಟ್ಟುಹಬ್ಬದ ಸಮಾರಂಭದಲ್ಲಿದ್ದರು. ಕಾರ್ಯಕ್ರಮ ಪ್ರಸಾರ ಆಗುವಾಗ ಅವರು ಟಿವಿ ಮುಂದೆ ಇರಲೇ ಇಲ್ಲ.

ಜನಾಭಿಪ್ರಾಯದ ಅಂಕಿಗಳನ್ನು ನೋಡಿ. ಸೈನ್ಯ ಕಳಿಸಿದ್ದು ತಪ್ಪಾಯಿತಾ ಎಂದು ಗ್ಯಾಲಪ್ ಸಂಸ್ಥೆ ಮೊದಲಿನಿಂದ ಕೇಳುತ್ತಲೇ ಬಂದಿತ್ತು. 1965ರ ಆಗಸ್ಟ್‌ನಲ್ಲಿ ಹೌದು ಎಂದವರು ಶೇಕಡಾ 24. 1967ರ ಅಕ್ಟೋಬರ್‌ನಲ್ಲಿ ಶೇ. 47, ತಪ್ಪಲ್ಲ ಎಂದವರು ಶೇ. 44. ಅಂದರೆ ಟೆಟ್ ದಾಳಿಗೂ ಮೊದಲೇ, ಕ್ರಾಂಕೈಟ್ ಬಾಯಿ ಬಿಡುವ ಮೊದಲೇ, ಟಿವಿ ವಾರ್ತೆಗಳು ಬಹುಮಟ್ಟಿಗೆ ಸರ್ಕಾರದ ಧಾಟಿಯಲ್ಲೇ ಇದ್ದಾಗಲೇ, ಜನರ ಮನಸ್ಸು ತಿರುಗಿತ್ತು. ಟೆಟ್ ಆದ ಕೂಡಲೇ ಆಗಿದ್ದು ಇನ್ನೂ ವಿಚಿತ್ರ: ಯುದ್ಧವನ್ನು ಇನ್ನಷ್ಟು ಜೋರು ಮಾಡಿ ಎನ್ನುವವರ ಪಾಲು ಶೇ. 61ಕ್ಕೆ ಏರಿತು! ವಾರಗಳು ಕಳೆದ ಮೇಲೆ ಅದು ಇಳಿಯಿತು. ಯುದ್ಧ ತಪ್ಪು ಎಂದವರೆಲ್ಲ ಶಾಂತಿ ಬೇಕು ಎಂದವರಲ್ಲ. ಗೆಲ್ಲುವುದಾದರೆ ಪೂರ್ತಿ ಬಲ ಹಾಕಿ, ಇಲ್ಲವಾದರೆ ಮನೆಗೆ ಬನ್ನಿ ಎನ್ನುವವರು ತುಂಬಾ ಇದ್ದರು. ಬೀದಿಗಿಳಿದ ವಿದ್ಯಾರ್ಥಿಗಳ ಚಿತ್ರಗಳ ಹಿಂದೆ ಇವರ ಧ್ವನಿ ನಮಗೆ ಕೇಳುವುದೇ ಇಲ್ಲ.

ಹಾಗಾದರೆ ಜನರನ್ನು ತಿರುಗಿಸಿದ್ದು ಏನು? ರಾಜಕೀಯ ವಿಜ್ಞಾನಿ ಜಾನ್ ಮ್ಯೂಲರ್ ಇದಕ್ಕೆ ಕೊರಿಯಾ ಯುದ್ಧವನ್ನು ಪಕ್ಕದಲ್ಲಿಟ್ಟು ಉತ್ತರ ಹುಡುಕಿದರು. 1950ರಿಂದ 1953ರವರೆಗೆ ನಡೆದ ಆ ಯುದ್ಧದಲ್ಲಿ ಸೆನ್ಸಾರ್ ಇತ್ತು. ಟಿವಿ ಸುದ್ದಿ ಇನ್ನೂ ಅಂಬೆಗಾಲಿಡುತ್ತಿತ್ತು. ಆದರೂ ಸತ್ತ, ಗಾಯಗೊಂಡ ಸೈನಿಕರ ಸಂಖ್ಯೆ ಏರಿದ ಹಾಗೆ ಜನಬೆಂಬಲ ಎರಡೂ ಯುದ್ಧಗಳಲ್ಲಿ ಹೆಚ್ಚೂಕಮ್ಮಿ ಒಂದೇ ಥರ ಇಳಿದಿತ್ತು. ಕ್ಯಾಮೆರಾ ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ. ಅಮೆರಿಕದ ಸೇನೆಯ ಇತಿಹಾಸಕಾರ ವಿಲಿಯಂ ಹ್ಯಾಮಂಡ್ ಸೇನೆಗಾಗಿಯೇ ಬರೆದ ಅಧಿಕೃತ ಇತಿಹಾಸದಲ್ಲೂ ಇದೇ ತೀರ್ಮಾನಕ್ಕೆ ಬಂದರು. ಜನ ಬೇಸತ್ತಿದ್ದು ಸಾವುಗಳಿಂದ, ವರದಿಗಳಿಂದಲ್ಲ.

ಕಡ್ಡಾಯ ಸೇನಾ ಭರ್ತಿ ಇದ್ದ ಕಾಲ ಅದು. ಒಂದು ಸಣ್ಣ ಊರಿಗೆ ಶವಪೆಟ್ಟಿಗೆ ಬಂದರೆ ಇಡೀ ಊರಿಗೆ ಗೊತ್ತಾಗುತ್ತಿತ್ತು, ವಾರ್ತೆ ನೋಡಬೇಕಿರಲಿಲ್ಲ. 1968ರಲ್ಲೇ ಸತ್ತ ಅಮೆರಿಕನ್ ಸೈನಿಕರು 16 ಸಾವಿರಕ್ಕೂ ಹೆಚ್ಚು. 1969ರ ಜೂನ್‌ನಲ್ಲಿ ಲೈಫ್ ಪತ್ರಿಕೆ ಒಂದು ವಾರದಲ್ಲಿ ಸತ್ತವರೆಂದು ಘೋಷಿಸಿದ 242 ಸೈನಿಕರ ಭಾವಚಿತ್ರಗಳನ್ನು ಪುಟದಿಂದ ಪುಟಕ್ಕೆ ಹಾಕಿತು. ಯುದ್ಧದ ಒಂದೇ ಒಂದು ಚಿತ್ರ ಇರಲಿಲ್ಲ. ಬಹಳಷ್ಟು ಹೈಸ್ಕೂಲ್ ಅಥವಾ ಸಮವಸ್ತ್ರದ ಫೋಟೋಗಳು, ನಗುವ ಮುಖಗಳು. ಆ ಪುಟಗಳನ್ನು ನೋಡಿದಾಗ ಈಗಲೂ ಗಂಟಲು ಕಟ್ಟುತ್ತದೆ.

ಜಾನ್ಸನ್ ಮನಸ್ಸು ಬದಲಿಸಿದ ದಾರಿಯೂ ಟಿವಿಯದ್ದಲ್ಲ. ಟೆಟ್ ಮುಗಿದ ಮೇಲೆ ಸೇನೆ ಇನ್ನೂ 2,06,000 ಸೈನಿಕರನ್ನು ಕೇಳಿತು. ಗೆಲ್ಲುತ್ತಿದ್ದರೆ ಇಷ್ಟು ಜನ ಯಾಕೆ ಬೇಕು? ಮಾರ್ಚ್ 10ರಂದು ನ್ಯೂಯಾರ್ಕ್ ಟೈಮ್ಸ್ ಈ ಸುದ್ದಿ ಬಯಲು ಮಾಡಿತು. ಹೊಸ ರಕ್ಷಣಾ ಕಾರ್ಯದರ್ಶಿ ಕ್ಲಾರ್ಕ್ ಕ್ಲಿಫರ್ಡ್ ಅಷ್ಟರಲ್ಲೇ ಜನರಲ್‌ಗಳನ್ನು ಕೂರಿಸಿಕೊಂಡು, ಇದು ಸಾಕಾ, ಎಷ್ಟು ದಿನ ಬೇಕು ಎಂದು ಕೇಳಿದ್ದರು. ಯಾರ ಬಳಿಯೂ ಉತ್ತರ ಇರಲಿಲ್ಲ. ಅಧ್ಯಕ್ಷರ ಹಿರಿಯ ಸಲಹೆಗಾರರು ಗುಪ್ತ ಮಾಹಿತಿ ಕೇಳಿಸಿಕೊಂಡು ಸಾಕು ಎಂದರು. ಮಾರ್ಚ್ 31ರಂದು ಜಾನ್ಸನ್ ಬಾಂಬ್ ದಾಳಿ ಕಡಿಮೆ ಮಾಡುತ್ತೇನೆ, ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲ ಎಂದು ಘೋಷಿಸಿದರು.

ಟಿವಿ ಸುದ್ದಿಯ ಧಾಟಿ ನಿಜಕ್ಕೂ ಬದಲಾಗಿದ್ದು ಆಮೇಲೆ. ಡೇನಿಯಲ್ ಹಾಲಿನ್ ಎಂಬ ವಿದ್ವಾಂಸ ಇದಕ್ಕೆ ಒಳ್ಳೆಯ ವಿವರಣೆ ಕೊಟ್ಟಿದ್ದಾರೆ. ಅವರ ಪ್ರಕಾರ ಪತ್ರಕರ್ತರು ವಿಷಯಗಳನ್ನು ಮೂರು ವಲಯಗಳಲ್ಲಿ ಇಡುತ್ತಾರೆ. ದೇಶಕ್ಕೆಲ್ಲ ಒಪ್ಪಿಗೆ ಇರುವ ವಿಷಯದಲ್ಲಿ ಪತ್ರಕರ್ತನೂ ಭಕ್ತನಾಗುತ್ತಾನೆ. ಯಾರೂ ಒಪ್ಪದ ವಿಷಯ ಬಂದರೆ ಅದನ್ನು ಆಚೆ ತಳ್ಳುತ್ತಾನೆ. ಆಳುವವರೇ ಒಬ್ಬರ ಜೊತೆ ಒಬ್ಬರು ಜಗಳ ಆಡುತ್ತಿರುವ ವಿಷಯದಲ್ಲಿ ಮಾತ್ರ ಎರಡೂ ಕಡೆಯ ಮಾತು ಕೇಳುತ್ತಾನೆ. 1965ರಲ್ಲಿ ಯುದ್ಧ ಮೊದಲ ವಲಯದಲ್ಲಿತ್ತು. 1968ರಲ್ಲಿ ಸೆನೆಟರ್‌ಗಳು, ಮಂತ್ರಿಗಳೇ ಒಡೆದುಹೋದಾಗ ಅದು ಜಗಳದ ವಲಯಕ್ಕೆ ಬಂತು. ಮಾಧ್ಯಮ ದಾರಿ ತೋರಿಸಲಿಲ್ಲ, ಹಿಂಬಾಲಿಸಿತು.

ಮೈ ಲಾಯ್ ಇದಕ್ಕೆ ನೋವಿನ ಪುರಾವೆ. 1968ರ ಮಾರ್ಚ್ 16ರಂದು ಅಮೆರಿಕದ ಸೈನಿಕರು ಆ ಹಳ್ಳಿಯಲ್ಲಿ ಮುದುಕರು, ಹೆಂಗಸರು, ಮಕ್ಕಳು, ಹಸುಗೂಸುಗಳನ್ನು ಕೊಂದರು. ವಿಯೆಟ್ನಾಂ ಲೆಕ್ಕದಲ್ಲಿ ಸತ್ತವರು 504. ಸೇನೆ ಆ ದಿನ ಕೊಟ್ಟ ಲೆಕ್ಕ: 128 ಶತ್ರುಗಳ ಹತ್ಯೆ, ಸಿಕ್ಕ ಬಂದೂಕು 3. ಬೆರಗಾಗಬೇಕಾದ ಲೆಕ್ಕ ಅಲ್ವಾ? ಸುದ್ದಿಗೋಷ್ಠಿಯಲ್ಲಿ ಬಂದ ಗೆಲುವಿನ ಸುದ್ದಿಯನ್ನೇ ನ್ಯೂಯಾರ್ಕ್ ಟೈಮ್ಸ್ ಕೂಡ ಮರುದಿನ ಮುಖಪುಟದಲ್ಲಿ ಹಾಕಿತು. ಸತ್ಯ ಹೊರಬರಲು ಇಪ್ಪತ್ತು ತಿಂಗಳು ಬೇಕಾಯಿತು. ಅದನ್ನು ಶುರು ಮಾಡಿದ್ದು ಪತ್ರಕರ್ತ ಅಲ್ಲ, ರಾನ್ ರೈಡನ್‌ಅವರ್ ಎಂಬ ಸೈನಿಕ. ಗೆಳೆಯರಿಂದ ಕೇಳಿದ್ದನ್ನೆಲ್ಲ ಸೇರಿಸಿ 1969ರ ಮಾರ್ಚ್‌ನಲ್ಲಿ ಸಂಸದರಿಗೆ, ಅಧಿಕಾರಿಗಳಿಗೆ ಪತ್ರ ಬರೆದರು. ಸೇಮೋರ್ ಹರ್ಷ್ ಎಂಬ ಸ್ವತಂತ್ರ ಪತ್ರಕರ್ತ ನವೆಂಬರ್‌ನಲ್ಲಿ ವರದಿ ಬರೆದಾಗ ದೊಡ್ಡ ಪತ್ರಿಕೆಗಳು ಮುಟ್ಟಲಿಲ್ಲ. ಯಾರಿಗೂ ಹೆಚ್ಚು ಗೊತ್ತಿಲ್ಲದ ಪುಟ್ಟ ಸುದ್ದಿಸಂಸ್ಥೆಯೊಂದು ಅದನ್ನು ಹಂಚಿತು. ಕೆಲವು ದಿನಗಳಲ್ಲಿ ಸೇನೆಯ ಫೋಟೋಗ್ರಾಫರ್ ರಾನ್ ಹೇಬರ್ಲೆ ತಮ್ಮ ಸ್ವಂತ ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳು ಕ್ಲೀವ್‌ಲ್ಯಾಂಡ್‌ನ ಪತ್ರಿಕೆಯಲ್ಲಿ ಬಂದವು.

ಚಿತ್ರ ನೋಡಿ ಜನ ಎಲ್ಲರೂ ಸೈನಿಕರ ಮೇಲೆ ತಿರುಗಿದರಾ? ಇಲ್ಲ. 1971ರಲ್ಲಿ ಮೈ ಲಾಯ್ ಹತ್ಯೆಗಳಿಗಾಗಿ ಲೆಫ್ಟಿನೆಂಟ್ ವಿಲಿಯಂ ಕ್ಯಾಲಿಗೆ ಜೀವಾವಧಿ ಶಿಕ್ಷೆ ಆದಾಗ, ಸಮೀಕ್ಷೆಯಲ್ಲಿ ಶೇ. 79ರಷ್ಟು ಜನ ತೀರ್ಪನ್ನು ಒಪ್ಪಲಿಲ್ಲ. ಮೇಲಿನವರನ್ನು ಬಿಟ್ಟು ಒಬ್ಬನನ್ನೇ ಬಲಿ ಕೊಟ್ಟರು ಎಂದವರು ಕೆಲವರು, ಅವನು ತಪ್ಪೇ ಮಾಡಿಲ್ಲ ಎಂದವರು ಕೆಲವರು. ಆಗ ಅಧ್ಯಕ್ಷರಾಗಿದ್ದ ನಿಕ್ಸನ್ ಅವನನ್ನು ಜೈಲಿನಿಂದ ಬಿಡಿಸಿ ಗೃಹಬಂಧನದಲ್ಲಿಡಿಸಿದರು. ಹಳ್ಳಿಯವರನ್ನು ಕಾಪಾಡಲು ತನ್ನ ಹೆಲಿಕಾಪ್ಟರನ್ನು ಅವರಿಗೂ ಸೈನಿಕರಿಗೂ ನಡುವೆ ಇಳಿಸಿದ ಪೈಲಟ್ ಹ್ಯೂ ಥಾಂಪ್ಸನ್‌ಗೆ ದೇಶದ್ರೋಹಿ ಎಂಬ ಬೈಗುಳ ಸಿಕ್ಕಿತು. ಸೇನೆ ಅವರಿಗೆ ಆ ಕೆಲಸಕ್ಕಾಗಿ ಪದಕ ಕೊಟ್ಟಿದ್ದು 1998ರಲ್ಲಿ.

ಹರ್ಷ್ ವರದಿ ಬಂದ ಹೊತ್ತಿಗೇ, 1969ರ ನವೆಂಬರ್ 13ರಂದು, ಉಪಾಧ್ಯಕ್ಷ ಸ್ಪಿರೊ ಆಗ್ನ್ಯೂ ಟಿವಿ ವಾಹಿನಿಗಳ ಮೇಲೆ ಹರಿಹಾಯ್ದ ಭಾಷಣ ಮಾಡಿದರು. ಯಾರೂ ಆರಿಸದ ಬೆರಳೆಣಿಕೆಯ ಜನ ಕೂತು ದೇಶ ಏನು ನೋಡಬೇಕು ಎಂದು ನಿರ್ಧರಿಸುತ್ತಿದ್ದಾರೆ ಎನ್ನುವುದು ಅದರ ಸಾರ. ಆ ದೂರಿನಲ್ಲಿ ಸತ್ಯದ ಅಂಶ ಇತ್ತು, ಆಗ ವಾಹಿನಿಗಳು ಇದ್ದಿದ್ದೇ ಮೂರು. ಆದರೆ ಯುದ್ಧದ ಬಗ್ಗೆ ಪ್ರಶ್ನೆ ಕೇಳಿದರೆ ಉತ್ತರದ ಬದಲು ಕೇಳಿದವನ ಮೇಲೆ ಚರ್ಚೆ ತಿರುಗಿಸುವ ದಾರಿಯನ್ನು ಆ ಭಾಷಣ ಎಲ್ಲರಿಗೂ ಕಲಿಸಿತು. ಅದೇ ವರ್ಷ ಅಮೆರಿಕ ಕಾಂಬೋಡಿಯಾ ಮೇಲೆ ಗುಟ್ಟಾಗಿ ಬಾಂಬ್ ಹಾಕುತ್ತಿತ್ತು. ಮೇ 9ರಂದು ನ್ಯೂಯಾರ್ಕ್ ಟೈಮ್ಸ್‌ನ ವಿಲಿಯಂ ಬೀಚರ್ ಅದನ್ನು ಬರೆದಾಗ ಸರ್ಕಾರ ಫೋನ್ ಕದ್ದಾಲಿಸಲು ಹೊರಟಿತು. ಬಾಂಬ್ ಬೀಳುತ್ತಿದ್ದ ಕಾಂಬೋಡಿಯಾದವರಿಗೆ ಅದು ಗುಟ್ಟಾಗಿರಲಿಲ್ಲ. ಗುಟ್ಟಾಗಿದ್ದು ಅಮೆರಿಕದ ಮತದಾರರಿಗೆ ಮಾತ್ರ.

ಸೇನೆಯ ಗುಟ್ಟು ಎಂದು ನಾವು ಹೇಳುವಾಗ ಎರಡು ಬೇರೆ ವಸ್ತುಗಳನ್ನು ಒಂದೇ ಚೀಲಕ್ಕೆ ಹಾಕುತ್ತೇವೆ. ಶತ್ರುವಿಗೆ ತಿಳಿದರೆ ಸೈನಿಕ ಸಾಯುವಂಥ ಮಾಹಿತಿ ಒಂದು. ಸ್ವಂತ ಜನರಿಗೆ ತಿಳಿದರೆ ಮಂತ್ರಿಗೆ ಮುಜುಗರ ಆಗುವಂಥದ್ದು ಇನ್ನೊಂದು. ಪೆಂಟಗನ್ ಪೇಪರ್ಸ್ ಎರಡನೆಯ ಜಾತಿಯದ್ದು. ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮೆಕ್‌ನಮಾರ 1967ರಲ್ಲಿ ಬರೆಸಿದ, ಸುಮಾರು 7,000 ಪುಟಗಳ ಗುಪ್ತ ಇತಿಹಾಸ ಅದು. ಅದರ ಕೆಲಸದಲ್ಲಿ ಭಾಗಿಯಾಗಿದ್ದ ಡೇನಿಯಲ್ ಎಲ್ಸ್‌ಬರ್ಗ್ ಅದನ್ನು ಪತ್ರಿಕೆಗೆ ಕೊಟ್ಟರು. 1971ರ ಜೂನ್ 13ರಿಂದ ನ್ಯೂಯಾರ್ಕ್ ಟೈಮ್ಸ್ ಪ್ರಕಟಿಸತೊಡಗಿತು. ಸರ್ಕಾರ ತಡೆಯಾಜ್ಞೆ ತಂದಿತು. ಜೂನ್ 30ರಂದು ಸುಪ್ರೀಂ ಕೋರ್ಟ್ 6-3ರ ತೀರ್ಪಿನಲ್ಲಿ ಪತ್ರಿಕೆಗಳ ಪರ ನಿಂತಿತು. ಒಳಗೊಳಗೇ ಅನುಮಾನ ಇಟ್ಟುಕೊಂಡು ಹೊರಗೆ ಭರವಸೆ ಕೊಟ್ಟ ಒಬ್ಬರಲ್ಲ, ಹಲವು ಅಧ್ಯಕ್ಷರ ಕಾಲದ ದಾಖಲೆ ಜನರ ಕೈಗೆ ಸಿಕ್ಕಿತು.

ಯುದ್ಧ ಮುಗಿದ ಮೇಲೆ ಸೇನೆಗಳು ಕಲಿತ ಪಾಠ ಮಾತ್ರ ಬೇರೆ: ವರದಿಗಾರರನ್ನು ದೂರ ಇಡಿ. 1982ರ ಫಾಕ್‌ಲ್ಯಾಂಡ್ಸ್ ಯುದ್ಧಕ್ಕೆ ಬ್ರಿಟನ್ ಕೆಲವೇ ಬ್ರಿಟಿಷ್ ಪತ್ರಕರ್ತರನ್ನು ತನ್ನ ಹಡಗುಗಳಲ್ಲೇ ಕರೆದೊಯ್ದಿತು. 1983ರಲ್ಲಿ ಗ್ರೆನಾಡಾಗೆ ನುಗ್ಗಿದ ಅಮೆರಿಕ ಮೊದಲ ಎರಡು ದಿನ ಯಾರನ್ನೂ ಬಿಡಲಿಲ್ಲ. 1991ರ ಕೊಲ್ಲಿ ಯುದ್ಧದಲ್ಲಿ ಸಣ್ಣ ಗುಂಪುಗಳಿಗೆ ಅಧಿಕಾರಿಗಳ ಕಾವಲಿನಲ್ಲಿ ದರ್ಶನ. 2003ರಲ್ಲಿ ಇರಾಕ್‌ಗೆ ನೂರಾರು ಪತ್ರಕರ್ತರನ್ನು ಪಡೆಗಳ ಜೊತೆಯಲ್ಲೇ ಕಳಿಸಿದರು. ಜೊತೆಗೆ ಉಂಡು, ಮಲಗಿ, ಅವರಿಂದಲೇ ಜೀವ ಉಳಿಸಿಕೊಂಡವನು ಅವರ ಕಣ್ಣಿನಿಂದಲೇ ನೋಡತೊಡಗುತ್ತಾನೆ. ಆ ಯುದ್ಧಕ್ಕೆ ಕೊಟ್ಟ ಕಾರಣವಾದ ಸಾಮೂಹಿಕ ವಿನಾಶದ ಅಸ್ತ್ರಗಳು ಸಿಗಲೇ ಇಲ್ಲ. 2004ರ ಮೇನಲ್ಲಿ ನ್ಯೂಯಾರ್ಕ್ ಟೈಮ್ಸ್, ತನ್ನ ವರದಿಗಳು ಸಾಕಷ್ಟು ಪ್ರಶ್ನೆ ಕೇಳಿರಲಿಲ್ಲ ಎಂದು ಓದುಗರ ಮುಂದೆ ಒಪ್ಪಿಕೊಂಡಿತು. ಟೊಂಕಿನ್ ಕೊಲ್ಲಿ ಆಗಿ ನಲವತ್ತು ವರ್ಷಕ್ಕೆ ಅದೇ ತಪ್ಪು.

ನಮ್ಮಲ್ಲಿ ಟಿವಿಯಲ್ಲಿ ಕಂಡ ಮೊದಲ ಯುದ್ಧ 1999ರ ಕಾರ್ಗಿಲ್. ಈಗ ಕೇಬಲ್ ಟಿವಿ ನಿಯಮಗಳಿಗೆ 2015ರಲ್ಲಿ ಮಾಡಿದ ತಿದ್ದುಪಡಿ ಪ್ರಕಾರ ಭಯೋತ್ಪಾದಕರ ವಿರುದ್ಧದ ಕಾರ್ಯಾಚರಣೆಯನ್ನು ನೇರಪ್ರಸಾರ ಮಾಡುವಂತಿಲ್ಲ, ನೇಮಿಸಿದ ಅಧಿಕಾರಿ ಆಗಾಗ ಹೇಳಿದ್ದನ್ನಷ್ಟೇ ಕೊಡಬೇಕು. ಮುಂಬೈ ದಾಳಿಯ ಅನುಭವ ನೆನೆದರೆ ಇದು ಸರಿಯಾದ ನಿಯಮವೇ. ಇದು ಮೊದಲ ಜಾತಿಯ ಗುಟ್ಟನ್ನು ಕಾಯುತ್ತದೆ. ಆದರೆ 2025ರ ಮೇನಲ್ಲಿ ಪಾಕಿಸ್ತಾನದ ಜೊತೆ ಸಂಘರ್ಷ ನಡೆದಾಗ ನಮ್ಮ ಹಲವು ವಾಹಿನಿಗಳು ಕರಾಚಿ ಬಂದರು ನಾಶವಾಯಿತು ಎಂದು ರಾತ್ರಿಯಿಡೀ ಸುಳ್ಳು ಸುದ್ದಿ ಹೇಳಿದವು. ಗೆಲುವಿನ ಸುಳ್ಳಿನ ಬಗ್ಗೆ ಯಾರೂ ದೇಶದ್ರೋಹದ ಮಾತೆತ್ತುವುದಿಲ್ಲ. ನನಗೆ ಇದು ಹೆಚ್ಚು ಆತಂಕದ ವಿಷಯ.

ಎರಡನೇ ಜಾತಿಯ ಗುಟ್ಟುಗಳ ವಿಷಯದಲ್ಲಿ ನಾವು ಅಮೆರಿಕಕ್ಕಿಂತ ಹಿಂದೆ ಇದ್ದೇವೆ. ಪೆಂಟಗನ್ ಪೇಪರ್ಸ್ 2011ರಲ್ಲಿ ಪೂರ್ತಿಯಾಗಿ, ಅಧಿಕೃತವಾಗಿ ಬಿಡುಗಡೆ ಆಯಿತು. 1962ರ ಚೀನಾ ಯುದ್ಧದಲ್ಲಿ ನಾವೇಕೆ ಸೋತೆವು ಎಂದು ಲೆಫ್ಟಿನೆಂಟ್ ಜನರಲ್ ಹೆಂಡರ್ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಪಿ.ಎಸ್. ಭಗತ್ 1963ರಲ್ಲಿ ವರದಿ ಕೊಟ್ಟರು. 2014ರಲ್ಲಿ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ ಅದರ ಒಂದು ಭಾಗವನ್ನು ಇಂಟರ್‌ನೆಟ್ಟಿಗೆ ಹಾಕಿದರು. ಸರ್ಕಾರ ಮಾತ್ರ ಆ ವರದಿಯನ್ನು ಇನ್ನೂ ಬಿಡುಗಡೆ ಮಾಡಿಲ್ಲ.